ಅಶ್ವಥ್, ಸಿ.

ಕನ್ನಡ ಸುಗಮ ಸಂಗೀತದ ಗಾಯಕ, ಸ್ವರಸಂಯೋಜಕ, ಚಲನಚಿತ್ರ ಸಂಗೀತ ನಿರ್ದೇಶಕ. 1939ರ ಡಿಸೆಂಬರ್ 29ರಂದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಜನಿಸಿದರು. ಓದಿದ್ದು ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ, ವಿಜ್ಞಾನ. ದೇವಗಿರಿ ಶಂಕರರಾವ್ ಜೋಶಿಯವರ ಬಳಿ ಹಿಂದೂಸ್ತಾನಿ ಸಂಗೀತ ಕಲಿತರು. ಐಟಿಐ ಕಾರ್ಖಾನೆಯಲ್ಲಿ 27 ವರ್ಷ ನೌಕರಿ ಮಾಡಿಕೊಂಡೇ ಹಾಡಿನ ಕೆಲಸವನ್ನೂ ನಡೆಸಿದರು.

ಮೈಸೂರು ಅನಂತಸ್ವಾಮಿ ಭಾವಗೀತೆಯನ್ನು ಮೆಲುದನಿಯಲ್ಲಿ ಆಪ್ತವಾಗಿ ಹಾಡುತ್ತಿದ್ದ ಕಾಲವದು. ಅಶ್ವಥ್ ಹಾಗಲ್ಲ, ತಾರಸ್ಥಾಯಿಗೆ ಏರಿ, ಎದೆ ಬಿಚ್ಚಿ ಹಾಡುತ್ತಿದ್ದರು. ನಯವಾದ ಕಂಠವೇನಲ್ಲ, ಮೃದುವಾದ ಕವಿತೆಗಳಿಗೆ ಕೆಲವೊಮ್ಮೆ ಭಾರವೂ ಆಗುತ್ತಿತ್ತು. ಆದರೆ ಶಿಶುನಾಳ ಷರೀಫರ (1819–1889) ತತ್ತ್ವಪದಗಳಿಗೆ ಬೇಕಾಗಿದ್ದುದು ಆ ಕಂಠವೇ. ಆ ಪದಗಳತ್ತ ಅವರ ಗಮನ ಸೆಳೆದವರು ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು, ಈ ನಂಟಿನಿಂದಲೇ ಭಟ್ಟರಿಗೆ 'ಷರೀಫ ಭಟ್ಟ' ಎಂಬ ಹೆಸರು ಬಿತ್ತು. ಉತ್ತರ ಕರ್ನಾಟಕದ ಭಜನೆಯವರು ರಾತ್ರಿಯಿಡೀ ಹಾಡುತ್ತಿದ್ದ ಪದಗಳು ಕ್ಯಾಸೆಟ್ಟಿನಲ್ಲಿ ಹಳೇ ಮೈಸೂರಿನ ಮನೆಮನೆಗೂ ಬಂದವು. ಕೋಳಿ ಕೋಡಗವನ್ನು ನುಂಗುವ ಒಡಪಿನ ಪದವನ್ನೇ ನೋಡಿ: ಒಗಟಿನ ಮೇಲೆ ಒಗಟು ಪೇರಿಸುತ್ತಾ ಹೋಗುವ ಅದನ್ನು, ಅರ್ಥ ತಿಳಿಯದ ಮಕ್ಕಳೂ ತಾಳ ಹಾಕಿ ಹಾಡುವಂತೆ ಮಾಡಿದ್ದು ಅಶ್ವಥ್ ಕಟ್ಟಿದ ಧಾಟಿ. ಚರ್ಚಿನ ಹಾಡಿನ ಆವೇಶವನ್ನು ಲೌಕಿಕ ವೇದಿಕೆಗೆ ತಂದ ಅಮೆರಿಕದ ರೇ ಚಾರ್ಲ್ಸ್ ಇಲ್ಲಿ ನೆನಪಾದರೆ ತಪ್ಪಿಲ್ಲ. ಅಶ್ವಥ್ ಅವರಿಗಂತೂ ಆ ಕಸುವು ಬಂದದ್ದು ರಂಗಭೂಮಿಯಿಂದ. ಕೊನೆಯ ಸಾಲಿನ ಪ್ರೇಕ್ಷಕನಿಗೂ ಮಾತು ಬಿಡಿಬಿಡಿಯಾಗಿ ಕೇಳಬೇಕೆಂಬ ನಾಟಕದವರ ಹಟ ಅವರ ಉಚ್ಚಾರದಲ್ಲಿತ್ತು.

ಚಿತ್ರರಂಗ ಪ್ರವೇಶಿಸಿದ್ದೂ ನಾಟಕದ ಮೂಲಕವೇ: ಮಾಸ್ತಿಯವರ ನಾಟಕ ಆಧರಿಸಿ ಸಿ.ಆರ್. ಸಿಂಹ ನಿರ್ದೇಶಿಸಿದ 'ಕಾಕನಕೋಟೆ' ಅವರ ಮೊದಲ ಚಿತ್ರ. ಎಲ್. ವೈದ್ಯನಾಥನ್ ಜೊತೆಗೂಡಿ 'ಅಶ್ವಥ್–ವೈದಿ' ಹೆಸರಿನಲ್ಲೂ ಸಂಗೀತ ನೀಡಿದರು. ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಷರೀಫ', 'ಮೈಸೂರ ಮಲ್ಲಿಗೆ', 'ಚಿನ್ನಾರಿ ಮುತ್ತ' (1993), 'ನಾಗಮಂಡಲ' (1997) ಚಿತ್ರಗಳು ಅವರ ಹೆಸರನ್ನು ಗಟ್ಟಿ ಮಾಡಿದವು. ಇವುಗಳಲ್ಲಿ 'ನಾಗಮಂಡಲ'ದ್ದೇ ಒಂದು ತೂಕ ಹೆಚ್ಚು. ಅದರ ಹಾಡುಗಳನ್ನು ಬರೆದ ಗೋಪಾಲ ವಾಜಪೇಯಿಯವರ ಬಯಲುಸೀಮೆಯ ನುಡಿಗೆ ಹಾಸನ ಸೀಮೆಯ ಈ ಸಂಯೋಜಕ ಹೊರಗಿನವರಾಗಿ ಕೇಳಿಸುವುದೇ ಇಲ್ಲ.

2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆಸಿದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಲಕ್ಷದಷ್ಟು ಜನ ಸೇರಿದ್ದರು. ಸಿನಿಮಾ ತಾರೆಯರನ್ನಲ್ಲ, ಕವಿತೆಗಳನ್ನು ಕೇಳಲು ನೆರೆದ ಜನ! 2009ರ ಡಿಸೆಂಬರ್ 29ರಂದು, ಎಪ್ಪತ್ತು ತುಂಬಿದ ದಿನವೇ, ಬೆಂಗಳೂರಿನಲ್ಲಿ ನಿಧನರಾದರು.