ತಾಯಿಫ್ ಒಪ್ಪಂದದ ನಂತರದ ಲೆಬನೋನ್: ಪಂಥ ರಾಜಕಾರಣ ಮತ್ತು ಸಭೆಯ ಸಾಕ್ಷ್ಯ

ಕೀರ್ತನೆಗಾರರಿಗೂ ಪ್ರವಾದಿಗಳಿಗೂ ಲೆಬನೋನ್ ಎಂದರೆ ದೇವದಾರು ವೃಕ್ಷಗಳ ನಾಡು. ಸೊಲೊಮೋನನ ದೇವಾಲಯಕ್ಕೆ ಮರ ಬಂದದ್ದು ಅಲ್ಲಿಂದಲೇ. ಇಪ್ಪತ್ತನೆಯ ಶತಮಾನದ ಸಭಾಚರಿತ್ರೆಯನ್ನು ಓದುವಾಗಲಾದರೋ ಆ ಹೆಸರು ನಮ್ಮನ್ನು ಬೇರೊಂದು ಕಾರಣಕ್ಕೆ ತಡೆದು ನಿಲ್ಲಿಸುತ್ತದೆ. 1975ರ ಏಪ್ರಿಲ್ 13ರಂದು ಆರಂಭವಾಗಿ 1990ರವರೆಗೆ ನಡೆದ ಅಲ್ಲಿನ ಅಂತರ್ಯುದ್ಧದಲ್ಲಿ ಸುಮಾರು ಒಂದೂವರೆ ಲಕ್ಷ ಜನರು ಮಡಿದರೆಂದು ಸಾಮಾನ್ಯವಾಗಿ ಅಂದಾಜಿಸಲಾಗುತ್ತದೆ. ಆ ಯುದ್ಧದಲ್ಲಿ ಕ್ರೈಸ್ತರು ಕೇವಲ ಬಲಿಯಾದವರಲ್ಲ, ಆಯುಧ ಹಿಡಿದವರೂ ಹೌದು. ಯುದ್ಧಾನಂತರದ ರಾಜ್ಯವ್ಯವಸ್ಥೆಯಲ್ಲಿ ಅಲ್ಲಿನ ಸಭೆಗಳು ಸಮಾಧಾನದ ಸಾಕ್ಷಿಗಳಾದವೋ ಅಥವಾ ಅಧಿಕಾರದ ಪಾಲುದಾರರಲ್ಲಿ ಒಂದಾದವೋ ಎಂಬುದೇ ಈ ಲೇಖನದಲ್ಲಿ ನಾವು ಪರಿಶೀಲಿಸುವ ಪ್ರಶ್ನೆ.

ಪಂಥವಾರು ಹಂಚಿಕೆಯ ಮೂಲ

ಲೆಬನೋನಿನ ಪಂಥ ರಾಜಕಾರಣವು ಅನಾದಿಕಾಲದ ದ್ವೇಷದ ಫಲವೆಂದು ಭಾವಿಸುವುದು ಚರಿತ್ರೆಗೆ ಸಲ್ಲದು. ಪ್ರತಿಯೊಂದು ರಕ್ತಪಾತದ ನಂತರ ಶಾಂತಿಗಾಗಿ ಮಾಡಿಕೊಂಡ ಏರ್ಪಾಡುಗಳೇ ಅದನ್ನು ಕಟ್ಟುತ್ತಾ ಬಂದವು. 1860ರಲ್ಲಿ ಮಾರೋನೀಯ ಕ್ರೈಸ್ತರಿಗೂ ದ್ರೂಸರಿಗೂ ನಡೆದ ಕಾಳಗದ ಬಳಿಕ, 1861ರಲ್ಲಿ ಉಸ್ಮಾನಿ ಸರಕಾರವೂ ಐರೋಪ್ಯ ಶಕ್ತಿಗಳೂ ಸೇರಿ ಪರ್ವತ ಪ್ರಾಂತಕ್ಕೆ ಪ್ರತ್ಯೇಕ ಆಡಳಿತವನ್ನು ಏರ್ಪಡಿಸಿದವು. ಅದರ 12 ಸದಸ್ಯರ ಮಂಡಳಿಯಲ್ಲಿ ಸ್ಥಾನಗಳು ಪಂಥವಾರು ಹಂಚಿಕೆಯಾದವು. 1926ರ ಸಂವಿಧಾನದ 95ನೆಯ ವಿಧಿ ಇದೇ ಪದ್ಧತಿಯನ್ನು 'ತಾತ್ಕಾಲಿಕವಾಗಿ' ಮುಂದುವರಿಸಿತು. 1943ರಲ್ಲಿ ಬೆಷಾರಾ ಅಲ್-ಖೂರಿ ಮತ್ತು ರಿಯಾದ್ ಅಲ್-ಸುಲ್ಹ್ ಇವರ ನಡುವೆ ಆದ ಅಲಿಖಿತ ರಾಷ್ಟ್ರೀಯ ಒಡಂಬಡಿಕೆಯ ಹಿನ್ನೆಲೆಯಲ್ಲಿ ರಾಷ್ಟ್ರಾಧ್ಯಕ್ಷನು ಮಾರೋನೀಯ, ಪ್ರಧಾನಮಂತ್ರಿಯು ಸುನ್ನಿ, ಸಂಸತ್ತಿನ ಸಭಾಧ್ಯಕ್ಷನು ಶಿಯಾ ಎಂಬ ರೂಢಿ ನೆಲೆಗೊಂಡಿತು. 1932ರ ಜನಗಣತಿಯಲ್ಲಿ ಕ್ರೈಸ್ತರು ಅಲ್ಪ ಬಹುಮತದಲ್ಲಿದ್ದರು. ಸಂಸತ್ತಿನಲ್ಲಿ ಕ್ರೈಸ್ತ ಮತ್ತು ಮುಸ್ಲಿಂ ಸ್ಥಾನಗಳ ಪ್ರಮಾಣವು ಆರಕ್ಕೆ ಐದು ಎಂದಾಯಿತು. ಆ ಬಳಿಕ ಅಧಿಕೃತ ಜನಗಣತಿ ನಡೆಯಲೇ ಇಲ್ಲ. ಎಣಿಸಿದರೆ ಹಂಚಿಕೆ ಕದಲುತ್ತದೆ ಎಂಬ ಭಯವೇ ಇದಕ್ಕೆ ಕಾರಣ.

ಶಿಲುಬೆ ಧರಿಸಿದ ಸೈನ್ಯಗಳು

ಯುದ್ಧದ ವಿವರಗಳನ್ನೆಲ್ಲ ಇಲ್ಲಿ ಹೇಳಲು ಸ್ಥಳವಿಲ್ಲ. ಆದರೆ ಕ್ರೈಸ್ತ ಓದುಗರಾದ ನಾವು ಕೆಲವು ಹೆಸರುಗಳನ್ನು ಮೌನವಾಗಿ ದಾಟಿಹೋಗಬಾರದು. 1976ರ ಜನವರಿಯಲ್ಲಿ ಕರಂತೀನಾದಲ್ಲಿ ಕ್ರೈಸ್ತ ಪಡೆಗಳು ಬಡ ಮುಸ್ಲಿಮರನ್ನು ಕೊಂದವು. ಕೆಲವೇ ದಿನಗಳಲ್ಲಿ ದಾಮೂರ್ ಎಂಬ ಕ್ರೈಸ್ತ ಪಟ್ಟಣದಲ್ಲಿ ಎದುರು ಪಕ್ಷದವರು ಅದೇ ಕೃತ್ಯವನ್ನು ಎಸಗಿದರು. 1982ರ ಸೆಪ್ಟೆಂಬರಿನಲ್ಲಿ ಸಬ್ರಾ ಮತ್ತು ಶತೀಲಾದ ಪ್ಯಾಲೆಸ್ತೀನೀ ವಸತಿಗಳಲ್ಲಿ ಹತ್ಯೆ ನಡೆಸಿದವರೂ ಕ್ರೈಸ್ತ ಪಡೆಯವರೇ. ಮರುವರ್ಷ ಶೂಫ್ ಬೆಟ್ಟಗಳಲ್ಲಿ ದ್ರೂಸರೊಡನೆ ನಡೆದ ಕಾಳಗದಲ್ಲಿ ಕ್ರೈಸ್ತ ಗ್ರಾಮಗಳು ಬರಿದಾದವು. ಕೊನೆಗೆ 1990ರಲ್ಲಿ ಜನರಲ್ ಮಿಷೆಲ್ ಔನ್ ಅವರ ಸೈನ್ಯವೂ ಸಮೀರ್ ಜಾಜಾ ಅವರ ಲೆಬನೀಯ ಪಡೆಯೂ ಪರಸ್ಪರ ಹೋರಾಡಿದವು. ಅವೆರಡೂ ಮಾರೋನೀಯ ನಾಯಕತ್ವದವು. ಪಂಥವನ್ನು ಕಾಪಾಡುವುದಕ್ಕಾಗಿ ಎತ್ತಿದ ಆಯುಧವು ಕಡೆಗೆ ಆ ಪಂಥದ ಮನೆಗಳ ಮೇಲೆಯೇ ತಿರುಗಿತು.

ತಾಯಿಫ್: ವಾಗ್ದಾನ ಮತ್ತು ವಾಸ್ತವ

1989ರ ಅಕ್ಟೋಬರ್ 22ರಂದು ಸೌದಿ ಅರೇಬಿಯದ ತಾಯಿಫ್ ಪಟ್ಟಣದಲ್ಲಿ, 1972ರಲ್ಲಿ ಆಯ್ಕೆಯಾಗಿ ಆಗಲೂ ಬದುಕುಳಿದಿದ್ದ ಸಂಸದರು ಶಾಂತಿಯ ಒಪ್ಪಂದಕ್ಕೆ ಬಂದರು. ಕ್ರೈಸ್ತರಿಗೂ ಮುಸ್ಲಿಮರಿಗೂ ಸಮಾನ ಸ್ಥಾನಗಳು ಎಂದು ನಿಶ್ಚಯವಾಯಿತು. 1992ರಿಂದ ಸಂಸತ್ತಿನ 128 ಸ್ಥಾನಗಳಲ್ಲಿ 64 ಕ್ರೈಸ್ತರವು, ಅವುಗಳಲ್ಲಿ 34 ಮಾರೋನೀಯರವು, ಒಂದು ಪ್ರಾಟೆಸ್ಟೆಂಟರದು. ರಾಷ್ಟ್ರಾಧ್ಯಕ್ಷನ ಅಧಿಕಾರದ ಬಹುಭಾಗವು ಮಂತ್ರಿಮಂಡಲಕ್ಕೆ ಹೋಯಿತು. ಪಂಥ ರಾಜಕಾರಣದ ನಿರ್ಮೂಲನವೇ ರಾಷ್ಟ್ರದ ಮೂಲಗುರಿಯೆಂದು ಸಂವಿಧಾನದ ಪೀಠಿಕೆಯಲ್ಲಿ ಬರೆಯಲಾಯಿತು. ಅದಕ್ಕಾಗಿ ಒಂದು ರಾಷ್ಟ್ರೀಯ ಸಮಿತಿಯನ್ನು ರಚಿಸಬೇಕೆಂದು ತಿದ್ದುಪಡಿಯಾದ 95ನೆಯ ವಿಧಿ ಹೇಳುತ್ತದೆ. ಆ ಸಮಿತಿ ರಚನೆಯಾಗಲಿಲ್ಲ.

ಮಾರೋನೀಯ ಪೇಟ್ರಿಯಾರ್ಕ್ ನಸ್ರಲ್ಲಾ ಸ್ಫೈರ್ ಅವರು ಈ ಒಪ್ಪಂದವನ್ನು ಬೆಂಬಲಿಸಿದರು. ತಮ್ಮ ಸಮುದಾಯದ ಅಧಿಕಾರ ಕುಗ್ಗುವುದೆಂದು ತಿಳಿದೂ ಯುದ್ಧ ನಿಲ್ಲುವುದೇ ಮೇಲೆಂದು ಅವರು ನಿರ್ಣಯಿಸಿದರು. ಇದಕ್ಕಾಗಿ 1989ರ ನವೆಂಬರಿನಲ್ಲಿ ಔನ್ ಅವರ ಬೆಂಬಲಿಗರು ಬ್ಕೆರ್ಕೆಯ ಪೇಟ್ರಿಯಾರ್ಕರ ನಿವಾಸಕ್ಕೆ ನುಗ್ಗಿ ಅವರನ್ನು ಅವಮಾನಿಸಿದರು. ಕುರುಬನನ್ನು ಅವಮಾನಿಸಿದವರು ಅವನ ಹಿಂಡಿನವರೇ ಆಗಿದ್ದರು.

1991ರ ಆಗಸ್ಟಿನ ಕ್ಷಮಾದಾನ ಕಾನೂನು ಯುದ್ಧಕಾಲದ ಬಹುತೇಕ ಅಪರಾಧಗಳನ್ನು ಅಳಿಸಿಹಾಕಿತು. ರಾಜಕೀಯ ಮತ್ತು ಧಾರ್ಮಿಕ ನಾಯಕರ ಹತ್ಯೆಗಳಿಗೆ ಮಾತ್ರ ವಿನಾಯಿತಿ ದೊರೆಯಲಿಲ್ಲ. ಅಂದರೆ ನಾಯಕನ ರಕ್ತಕ್ಕೆ ಲೆಕ್ಕವಿತ್ತು, ಸಾಮಾನ್ಯನ ರಕ್ತಕ್ಕೆ ಇರಲಿಲ್ಲ. ಸೇನಾಪತಿಗಳಾಗಿದ್ದವರು ಮಂತ್ರಿಗಳಾದರು. ಅಮಾಲ್ ಪಕ್ಷದ ನಬೀಹ್ ಬೆರ್ರಿಯವರು 1992ರಲ್ಲಿ ಸಭಾಧ್ಯಕ್ಷರಾಗಿ ದಶಕಗಳ ಕಾಲ ಆ ಪೀಠದಲ್ಲಿ ಮುಂದುವರಿದರು. ಕಾಣೆಯಾದವರ ಸಂಖ್ಯೆ ಸುಮಾರು 17,000 ಎಂದು ಹೇಳಲಾಗುತ್ತದೆ. ಅವರನ್ನು ಹುಡುಕಲು ಆಯೋಗವೊಂದನ್ನು ಸ್ಥಾಪಿಸುವ ಕಾನೂನು ಬಂದದ್ದು 2018ರಲ್ಲಿ. ತಮ್ಮನು ಎಲ್ಲಿ ಎಂದು ದೇವರು ಕಾಯಿನನಿಗೆ ಹಾಕಿದ ಪ್ರಶ್ನೆಯನ್ನು ಕಾಣೆಯಾದವರ ತಾಯಂದಿರು ಅಷ್ಟು ವರ್ಷ ಕೇಳುತ್ತಲೇ ಇದ್ದರು.

ಸಭೆಯ ಎರಡು ಪರೀಕ್ಷೆಗಳು

ಸಭೆಯ ನಿಲುವನ್ನು ಅಳೆಯಲು ಎರಡು ಪ್ರಸಂಗಗಳು ಸಾಕು. ಮೊದಲನೆಯದು 1998ರದು. ಪಂಥ ರಾಜಕಾರಣದ ಬೇರು ಸಂಸತ್ತಿನಲ್ಲಿ ಮಾತ್ರವಲ್ಲ, ಕುಟುಂಬ ಕಾನೂನಿನಲ್ಲೂ ಇದೆ. ಮಾನ್ಯತೆ ಪಡೆದ 18 ಪಂಥಗಳ ಜನರು ತಮ್ಮ ತಮ್ಮ ಧಾರ್ಮಿಕ ನ್ಯಾಯಾಲಯಗಳ ಅಧೀನದಲ್ಲೇ ಮದುವೆಯಾಗಬೇಕು. ಭಿನ್ನ ಪಂಥಗಳ ವಧೂವರರು ನಾಗರಿಕ ವಿವಾಹಕ್ಕಾಗಿ ಸೈಪ್ರಸ್ ದ್ವೀಪಕ್ಕೆ ಹೋಗುವುದು ರೂಢಿ. ರಾಷ್ಟ್ರಾಧ್ಯಕ್ಷ ಇಲ್ಯಾಸ್ ಹ್ರಾವಿಯವರು ಐಚ್ಛಿಕ ನಾಗರಿಕ ವಿವಾಹದ ಮಸೂದೆಯನ್ನು ಮುಂದಿಟ್ಟರು. ಮಾರ್ಚ್ ತಿಂಗಳಲ್ಲಿ ಮಂತ್ರಿಮಂಡಲವು ಅದನ್ನು ಒಪ್ಪಿತು. ಪ್ರಧಾನಿ ರಫೀಕ್ ಹರೀರಿಯವರು ಸಹಿ ಹಾಕಲಿಲ್ಲ. ಮುಸ್ಲಿಂ ಧರ್ಮಗುರುಗಳೂ ಕ್ರೈಸ್ತ ಧರ್ಮಾಧ್ಯಕ್ಷರೂ ಅದನ್ನು ವಿರೋಧಿಸಿದರು. ಬಹಳ ವಿಷಯಗಳಲ್ಲಿ ಒಂದಾಗದವರು ಇದರಲ್ಲಿ ಒಂದಾದರು. ವಿವಾಹವು ಸಂಸ್ಕಾರವೆಂಬ ಬೋಧನೆಯನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೂ ಮಸೂದೆ ಐಚ್ಛಿಕವಾಗಿತ್ತು, ಯಾರ ಸಂಸ್ಕಾರವನ್ನೂ ಅದು ತಡೆಯುತ್ತಿರಲಿಲ್ಲ. ಅಲ್ಲಿ ಪಣಕ್ಕಿದ್ದದ್ದು ಸಂಸ್ಕಾರವೋ ಅಥವಾ ಜನರ ಮೇಲಿನ ನ್ಯಾಯಾಧಿಕಾರವೋ ಎಂಬ ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ.

ಎರಡನೆಯದು 2001ರ ಆಗಸ್ಟಿನದು. ಪೇಟ್ರಿಯಾರ್ಕ್ ಸ್ಫೈರ್ ಅವರು ಶೂಫ್ ಬೆಟ್ಟಗಳಿಗೆ ಪ್ರಯಾಣ ಮಾಡಿ, ಮುಖ್ತಾರಾದಲ್ಲಿ ದ್ರೂಸ್ ನಾಯಕ ವಾಲಿದ್ ಜುಂಬ್ಲಾತ್ ಅವರನ್ನು ಕಂಡರು. 1983ರ ಗಾಯದ ನೆಲದಲ್ಲಿಯೇ ಎರಡು ಸಮುದಾಯಗಳು ಬಹಿರಂಗವಾಗಿ ಸಮಾಧಾನ ಮಾಡಿಕೊಂಡವು. ಓಡಿಹೋದವರೆಲ್ಲ ಇದರಿಂದ ಹಿಂದಿರುಗಲಿಲ್ಲ. ಸತ್ತವರ ಲೆಕ್ಕವೂ ತೀರಲಿಲ್ಲ. ಆದರೂ ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗಬೇಕೆಂಬ ಪರ್ವತ ಪ್ರಸಂಗದ ಬೋಧನೆಗೆ ಇದು ಸಮೀಪವಾದ ನಡೆಯೆಂದು ನಾವು ಎಣಿಸುತ್ತೇವೆ. ಅದೇ ಸಭೆ, ಅದೇ ಪೇಟ್ರಿಯಾರ್ಕರು. ಒಂದೆಡೆ ಬೇಲಿಯನ್ನು ಕಾಯ್ದರು, ಇನ್ನೊಂದೆಡೆ ಬೇಲಿಯನ್ನು ದಾಟಿದರು.

ನಮಗಿರುವ ಪಾಠ

ಅಲ್ಪಸಂಖ್ಯಾತರ ಭಯವು ಹುಸಿಯೆಂದು ದೂರದಲ್ಲಿ ಕುಳಿತು ಹೇಳುವುದು ಸುಲಭ. 1860ನ್ನೂ ದಾಮೂರನ್ನೂ ಕಂಡವರಿಗೆ ಹಂಚಿಕೆಯ ಭರವಸೆ ಬೇಕೆನಿಸಿದ್ದು ಸಹಜ. ನಮ್ಮ ದೇಶದ ಕ್ರೈಸ್ತರ ಮುಂದೆಯೂ ಇಂತಹ ಆಯ್ಕೆ ಬಂದಿತ್ತು. 1949ರ ಮೇ ತಿಂಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡವೆಂದು ಸಂವಿಧಾನ ಸಭೆ ನಿಶ್ಚಯಿಸಿದಾಗ, ಅದನ್ನು ಬೆಂಬಲಿಸಿದವರಲ್ಲಿ ಬಂಗಾಳದ ಎಚ್. ಸಿ. ಮುಖರ್ಜಿಯವರೂ ಮಂಗಳೂರಿನಲ್ಲಿ ಜನಿಸಿದ ಯೇಸುಸಭೆಯ ಗುರು ಜೆರೋಮ್ ಡಿಸೋಜ ಅವರೂ ಇದ್ದರು. ಎರಡು ದೇಶಗಳ ಸ್ಥಿತಿ ಒಂದೇ ಅಲ್ಲ. ಆ ನಿರ್ಣಯದ ಬೆಲೆಯನ್ನು ಇಂದಿಗೂ ಚರ್ಚಿಸಬಹುದು. ಆದರೆ ನೆರೆಯವನ ನ್ಯಾಯಬುದ್ಧಿಯನ್ನು ನಂಬಿ ಬದುಕಲು ಒಪ್ಪುವುದೂ ಒಂದು ವಿಶ್ವಾಸದ ಕ್ರಿಯೆಯೇ.

2019ರ ಅಕ್ಟೋಬರ್ 17ರಿಂದ ಲೆಬನೋನಿನ ಬೀದಿಗಳಿಗೆ ಇಳಿದ ಯುವಜನರು ಎಲ್ಲ ಪಂಥಗಳ ನಾಯಕರನ್ನೂ ಒಟ್ಟಾಗಿ ತಿರಸ್ಕರಿಸಿದರು. ತಮ್ಮ ಪಂಥದ ನಾಯಕನನ್ನೂ ಅವರು ಬಿಡಲಿಲ್ಲ ಎಂಬುದು ಗಮನಾರ್ಹ. ಕ್ರಿಸ್ತನು ನಡುಗೋಡೆಯನ್ನು ಕೆಡವಿದನೆಂದು ಎಫೆಸದವರಿಗೆ ಬರೆದ ಪತ್ರಿಕೆಯಿಂದ ನಾವು ಬೋಧಿಸುತ್ತೇವೆ. ಆ ಗೋಡೆಯ ಒಂದು ಭಾಗ ನಮ್ಮದೇ ಸಭೆಯ ಆಸ್ತಿಯಾಗಿರುವಾಗ, ನಮ್ಮದೇ ಸಮುದಾಯದ ಪಾಲು, ಪದವಿ, ಸಂಸ್ಥೆಗಳ ಆಧಾರವಾಗಿರುವಾಗ ಆ ವಾಕ್ಯವನ್ನು ಬೋಧಿಸುವುದು ಹೇಗೆ? ಲೆಬನೋನಿನ ಸಭೆಗೆ ಬಂದ ಈ ಪ್ರಶ್ನೆಯನ್ನು ನಮ್ಮ ಸಭೆಗಳ ಚುನಾವಣೆಗಳಲ್ಲಿಯೂ ಜಾತಿ ಗುಂಪುಗಳಲ್ಲಿಯೂ ನಾವು ದಿನವೂ ಎದುರಿಸುತ್ತಿದ್ದೇವೆ. ಪೀಠದ ಮೇಲೆ ನಿಲ್ಲುವ ಮೊದಲು ಅದಕ್ಕೆ ಉತ್ತರ ಹುಡುಕುವುದು ನಮ್ಮ ಕರ್ತವ್ಯ.