ಅವಳಿ ಶಿಶುಗಳ ಮೊದಲ ತಿಂಗಳುಗಳು: ಇಬ್ಬರಿಗೂ ಬೇರೆ ಬೇರೆ ಲೆಕ್ಕ

ರಾತ್ರಿ ಮೂರು ಗಂಟೆ. ಒಂದು ಮಗು ಹಾಲು ಕುಡಿದು ಮಲಗಿದೆ, ಇನ್ನೊಂದು ಅಳುತ್ತಿದೆ. ಡ್ರಾಪ್ಸ್ ಬಾಟಲಿ ಕೈಯಲ್ಲಿ ಹಿಡಿದು ನೀವು ಯೋಚಿಸುತ್ತಿದ್ದೀರಿ: "ಇವನಿಗೆ ಕೊಟ್ಟಾಯಿತೇ, ಅವಳಿಗೆ ಕೊಟ್ಟಾಯಿತೇ?" ಅವಳಿ ಮಕ್ಕಳಿರುವ ಮನೆಯಲ್ಲಿ ಈ ಪ್ರಶ್ನೆ ಬರದ ರಾತ್ರಿ ಕಡಿಮೆ.

ಕೆಲಸ, ವರ್ಗಾವಣೆ ಎಂದು ವಿಶಾಖಪಟ್ಟಣ ಅಥವಾ ವಿಜಯವಾಡದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದರ ಜೊತೆ ಇನ್ನೊಂದು ತೊಡಕಿದೆ. ತಾಯಿ-ಮಗು ಕಾರ್ಡ್ ತೆಲುಗಿನಲ್ಲಿರುತ್ತದೆ, ಡಿಸ್ಚಾರ್ಜ್ ಚೀಟಿ ಇಂಗ್ಲಿಷ್‌ನಲ್ಲಿರುತ್ತದೆ, ಸಲಹೆ ಕೊಡುವ ಅಜ್ಜಿ ಫೋನಿನಲ್ಲಿರುತ್ತಾರೆ. ಈ ಲೇಖನ ಹೇಳುವುದು ಮುಖ್ಯವಾಗಿ ಒಂದೇ ಮಾತು. ಅವಳಿ ಎಂದರೆ ಒಂದು ಮಗುವಿನ ಎರಡು ಪ್ರತಿಗಳಲ್ಲ. ತೂಕ, ಹಾಲು, ಔಷಧ, ತಪಾಸಣೆ ಎಲ್ಲದರಲ್ಲೂ ಇಬ್ಬರಿಗೂ ಬೇರೆ ಬೇರೆ ಲೆಕ್ಕ ಇಡಿ. ಲೆಕ್ಕ ಸರಿಯಿದ್ದರೆ ಆತಂಕ ಕಡಿಮೆಯಾಗುತ್ತದೆ, ಮಕ್ಕಳ ಜೊತೆ ಸಂತೋಷಪಡಲು ಸಮಯ ಸಿಗುತ್ತದೆ.

ಅವಳಿಗಳಿಗೆ ಹೆಚ್ಚಿನ ಗಮನ ಏಕೆ?

ಅವಳಿಗಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟುತ್ತಾರೆ. ಹಲವರ ತೂಕ 2,500 ಗ್ರಾಂಗಿಂತ ಕಡಿಮೆ ಇರುತ್ತದೆ. ಒಂದೇ ದಿನ ಹುಟ್ಟಿದರೂ ಇಬ್ಬರ ತೂಕದಲ್ಲಿ ವ್ಯತ್ಯಾಸ ಇರುವುದು ಸಾಮಾನ್ಯ. ಆಸ್ಪತ್ರೆಯ ಕಾಗದದಲ್ಲಿ ಮೊದಲು ಹುಟ್ಟಿದ ಮಗುವನ್ನು "ಟ್ವಿನ್ 1", ನಂತರ ಹುಟ್ಟಿದ ಮಗುವನ್ನು "ಟ್ವಿನ್ 2" ಎಂದು ಬರೆದಿರುತ್ತಾರೆ. ಮನೆಗೆ ಬಂದ ದಿನವೇ ಆ ಸಂಖ್ಯೆಯ ಮುಂದೆ ನೀವು ಕರೆಯುವ ಹೆಸರನ್ನು ಬರೆದುಕೊಳ್ಳಿ. ಇಬ್ಬರಿಗೂ ಪ್ರತ್ಯೇಕ ಕಾರ್ಡ್, ಪ್ರತ್ಯೇಕ ಫೈಲ್ ಇರಲಿ.

ಹಾಲು: ಯಾರಿಗೆ ಎಷ್ಟು ಸಾಕು?

ಮೊದಲ 6 ತಿಂಗಳು ತಾಯಿಯ ಹಾಲು ಮಾತ್ರ ಸಾಕು. ವಿಜಯವಾಡದ ಮೇ ತಿಂಗಳ ಬಿಸಿಲಿನಲ್ಲೂ ಶಿಶುವಿಗೆ ನೀರು ಬೇಡ, ಹಾಲಿನಲ್ಲಿರುವ ನೀರೇ ಸಾಕಾಗುತ್ತದೆ. ಬಾಯಾರಿಕೆ ತೀರಿಸಿಕೊಳ್ಳಬೇಕಾದವರು ತಾಯಿ. ಪ್ರತಿ ಬಾರಿ ಹಾಲೂಡಿಸಲು ಕೂತಾಗ ಪಕ್ಕದಲ್ಲಿ ಒಂದು ಲೋಟ ನೀರಿರಲಿ.

"ಇಬ್ಬರಿಗೆ ಹಾಲು ಸಾಲುತ್ತದೆಯೇ?" ಎಂದು ಮನೆಯವರೆಲ್ಲ ಕೇಳುತ್ತಾರೆ. ಮಕ್ಕಳು ಎಷ್ಟು ಹೆಚ್ಚು ಚೀಪುತ್ತಾರೋ ಹಾಲು ಅಷ್ಟು ಹೆಚ್ಚು ಉತ್ಪತ್ತಿಯಾಗುತ್ತದೆ. ದಿನಕ್ಕೆ 8ರಿಂದ 12 ಬಾರಿ ಇಬ್ಬರಿಗೂ ಕೊಡಿ. ಅಭ್ಯಾಸವಾದ ಮೇಲೆ ಎರಡೂ ಕಂಕುಳ ಕೆಳಗೆ ದಿಂಬಿಟ್ಟು, ಮಕ್ಕಳ ಕಾಲು ಹಿಂದಕ್ಕೆ ಬರುವಂತೆ ಹಿಡಿದು ಒಟ್ಟಿಗೇ ಊಡಿಸಬಹುದು. ಅಳು ನೋಡಿ ಹಾಲು ಸಾಲದು ಎಂದು ತೀರ್ಮಾನಿಸಬೇಡಿ. ಬದಲಿಗೆ ಈ ಎರಡನ್ನು ಪ್ರತಿ ಮಗುವಿಗೂ ಬೇರೆಯಾಗಿ ನೋಡಿ:

• ಮೊದಲ ವಾರದ ನಂತರ 24 ಗಂಟೆಯಲ್ಲಿ ಕನಿಷ್ಠ 6 ಬಾರಿ ಮೂತ್ರ ಮಾಡುತ್ತಿದೆಯೇ?
• ಸುಮಾರು ಎರಡು ವಾರದಲ್ಲಿ ಹುಟ್ಟಿದಾಗಿನ ತೂಕಕ್ಕೆ ಮರಳಿದೆಯೇ, ಅಲ್ಲಿಂದ ಮುಂದೆ ಏರುತ್ತಿದೆಯೇ?

ಚೀಪಲು ಶಕ್ತಿ ಸಾಲದ ಸಣ್ಣ ಮಗುವಿಗೆ ಹಿಂಡಿದ ಹಾಲನ್ನು ಒಳಲೆಯಲ್ಲಿ ಕೊಡಿ. ನಮ್ಮ ಅಜ್ಜಿಯರ ಒಳಲೆಯೇ ತೆಲುಗಿನ "ಉಗ್ಗು ಗಿನ್ನೆ". ಅದನ್ನು ತೊಳೆದು ಕುದಿಸುವುದು ಬಾಟಲಿಗಿಂತ ಸುಲಭ. ಇಬ್ಬರಿಗೂ ಒಂದೊಂದು ಒಳಲೆ ಇರಲಿ. ಹಿಂಡಿದ ಹಾಲನ್ನು ಕರಾವಳಿಯ ಸೆಖೆಯಲ್ಲಿ ಹೊರಗೆ ಹೆಚ್ಚು ಹೊತ್ತು ಇಡಬೇಡಿ. ಫ್ರಿಜ್‌ನ ಒಳಭಾಗದಲ್ಲಿಟ್ಟು 24 ಗಂಟೆಯೊಳಗೆ ಬಳಸಿ. ಡಬ್ಬಿ ಹಾಲು ಬೇಕೇ ಎಂಬುದನ್ನು ತೂಕ ನೋಡಿ ವೈದ್ಯರು ಹೇಳಲಿ, ಅಂಗಡಿಯವರಲ್ಲ.

ಎದೆಗೆ ಎದೆ ಕೊಟ್ಟು ಬೆಚ್ಚಗೆ

2,500 ಗ್ರಾಂಗಿಂತ ಕಡಿಮೆ ತೂಕದ ಮಗುವಿಗೆ ಕಾಂಗರೂ ಆರೈಕೆ ದೊಡ್ಡ ಔಷಧವಿದ್ದಂತೆ. ಡಯಾಪರ್, ಟೋಪಿ ಬಿಟ್ಟು ಬೇರೆ ಬಟ್ಟೆ ಇಲ್ಲದ ಮಗುವನ್ನು ಬರಿ ಎದೆಯ ಮೇಲೆ ನೇರವಾಗಿ ಮಲಗಿಸಿ, ಮೇಲೆ ಬಟ್ಟೆ ಸುತ್ತಿಕೊಳ್ಳಬೇಕು. 1978ರ ಹೊತ್ತಿಗೆ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಹೋದಾಗ ಶುರುವಾದ ಈ ಪದ್ಧತಿಯನ್ನು ಇಂದು ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಮಾಡಲು ಹೇಳುತ್ತದೆ.

ಅವಳಿಗಳಿರುವ ಮನೆಯಲ್ಲಿ ಇದು ತಂದೆಗೂ ಸಿಗುವ ಭಾಗ್ಯ. ಅಮ್ಮನ ಎದೆಯ ಮೇಲೆ ಒಬ್ಬರು, ಅಪ್ಪನ ಎದೆಯ ಮೇಲೆ ಇನ್ನೊಬ್ಬರು. ಸ್ವಲ್ಪ ಹೊತ್ತಾದ ಮೇಲೆ ಅದಲು ಬದಲು. ಅಜ್ಜಿ, ಚಿಕ್ಕಮ್ಮ ಕೂಡ ಕೈ ತೊಳೆದು ಸೇರಿಕೊಳ್ಳಬಹುದು.

ಔಷಧ: ಒಂದೇ ಬಾಟಲಿ, ಎರಡು ತೂಕ

ಔಷಧ ಅಂಗಡಿಯ ಕೌಂಟರ್‌ನಲ್ಲಿ ನಿಂತವಳಾಗಿ ನಾನು ಒತ್ತಿ ಹೇಳುವ ಭಾಗ ಇದು. ಶಿಶುವಿನ ಡೋಸ್ ವಯಸ್ಸಿನ ಮೇಲಲ್ಲ, ತೂಕದ ಮೇಲೆ ನಿಲ್ಲುತ್ತದೆ. ಟ್ವಿನ್ 1ರ ಚೀಟಿಯಲ್ಲಿರುವ ಮಿಲಿಲೀಟರ್ ಲೆಕ್ಕ ಟ್ವಿನ್ 2ಕ್ಕೆ ಹೊಂದಬೇಕೆಂದಿಲ್ಲ. ಇಬ್ಬರ ಹೆಸರಿನಲ್ಲೂ ಬೇರೆ ಚೀಟಿ ಬರೆಸಿಕೊಳ್ಳಿ.

ಬಾಟಲಿಯ ಸಾಂದ್ರತೆಯನ್ನೂ ಓದಿ. ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿಲಿಯಲ್ಲಿ 100 ಮಿಲಿಗ್ರಾಂ ಔಷಧ ಇರುತ್ತದೆ. 5 ಮಿಲಿಗೆ 125 ಮಿಲಿಗ್ರಾಂ ಇರುವ ಸಿರಪ್‌ನಲ್ಲಿ 1 ಮಿಲಿಗೆ 25 ಮಿಲಿಗ್ರಾಂ ಮಾತ್ರ. ವೈದ್ಯರು ಈ ಸಿರಪ್ 2 ಮಿಲಿ ಎಂದು ಹೇಳಿ, ಮನೆಯವರು ಡ್ರಾಪ್ಸ್ 2 ಮಿಲಿ ಕೊಟ್ಟರೆ 50 ಮಿಲಿಗ್ರಾಂ ಹೋಗುವ ಕಡೆ 200 ಮಿಲಿಗ್ರಾಂ ಹೋಗುತ್ತದೆ, ಅಂದರೆ ನಾಲ್ಕು ಪಟ್ಟು. ವಿಟಮಿನ್ ಡಿ ಡ್ರಾಪ್ಸ್ ಕೂಡ 1 ಮಿಲಿಗೆ 400 ಯೂನಿಟ್, 800 ಯೂನಿಟ್ ಎಂದು ಎರಡು ಬಗೆಯಲ್ಲಿ ಸಿಗುತ್ತದೆ. ವಿಶಾಖಪಟ್ಟಣದಲ್ಲಿ ಬರೆದುಕೊಟ್ಟ ಬ್ರ್ಯಾಂಡ್ ಊರಿನಲ್ಲಿ ಸಿಗದೆ ಬೇರೆಯದನ್ನು ಕೊಂಡಾಗ ಹಳೆಯ ಲೆಕ್ಕದಲ್ಲೇ ಕೊಡಬೇಡಿ. ಒಂದು ಬಾಟಲಿಯ ಡ್ರಾಪರನ್ನು ಇನ್ನೊಂದು ಬಾಟಲಿಗೆ ಬಳಸಬೇಡಿ.

ಮನೆಯಲ್ಲಿ ಹೀಗೆ ಮಾಡಿ:

• ಒಂದು ನೋಟ್‌ಬುಕ್‌ನಲ್ಲಿ ಎರಡು ಕಾಲಂ ಹಾಕಿ. ಹಾಲು, ಮೂತ್ರ, ಔಷಧ ಎಲ್ಲವನ್ನೂ ಸಮಯದೊಡನೆ ಬರೆಯಿರಿ. ಔಷಧ ಕೊಟ್ಟವರೇ ಬರೆಯಬೇಕು, ಆಗಲೇ ಬರೆಯಬೇಕು.
• ಸೂಜಿಯಿಲ್ಲದ ಎರಡು ಸಿರಿಂಜ್ ಇಟ್ಟುಕೊಂಡು ಎರಡು ಬಣ್ಣದ ಟೇಪ್ ಅಂಟಿಸಿ.
• ಇಬ್ಬರೂ ಒಂದೇ ಥರ ಕಂಡರೆ ಒಬ್ಬರ ಕಾಲಿನ ಹೆಬ್ಬೆರಳ ಉಗುರಿಗೆ ಬಣ್ಣ ಹಚ್ಚಿ. ಮಗು ಕಾಲನ್ನು ಬಾಯಿಗೆ ಒಯ್ಯುವ ಹೊತ್ತಿಗೆ ತೆಗೆದುಬಿಡಿ. ಕತ್ತಿಗೆ ದಾರ ಬೇಡ.
• ವಿಟಮಿನ್ ಅಥವಾ ಕಬ್ಬಿಣದ ಡ್ರಾಪ್ಸ್ ಕೊಟ್ಟೆವೋ ಇಲ್ಲವೋ ಎಂಬ ಅನುಮಾನ ಬಂದರೆ ಮತ್ತೆ ಕೊಡಬೇಡಿ. ಒಂದು ದಿನ ತಪ್ಪಿದರೆ ತೊಂದರೆಯಿಲ್ಲ. ಬೇರೆ ಔಷಧವಾದರೆ ವೈದ್ಯರಿಗೆ ಫೋನ್ ಮಾಡಿ ಕೇಳಿ.
• ಎರಡು ಪಟ್ಟು ಹೋಗಿದೆ ಅಥವಾ ಒಬ್ಬರ ಔಷಧ ಇನ್ನೊಬ್ಬರಿಗೆ ಹೋಗಿದೆ ಎಂದು ಗೊತ್ತಾದರೆ ಮುಚ್ಚಿಡಬೇಡಿ. ಬಾಟಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ನಿದ್ದೆಗೆಟ್ಟ ಮನೆಯಲ್ಲಿ ತಪ್ಪು ಆಗುತ್ತದೆ. ಯಾರನ್ನೂ ಬೈಯುವ ಸಮಯ ಅದಲ್ಲ.

ಕೆಮ್ಮು-ನೆಗಡಿ ಸಿರಪ್ ಶಿಶುಗಳಿಗೆ ಬೇಡವೇ ಬೇಡ. ನೆಗಡಿಗೆ ಬಳಸುವ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಸೇರಿದ ಔಷಧವನ್ನು 4 ವರ್ಷದೊಳಗಿನವರಿಗೆ ಕೊಡಬಾರದೆಂದು ಲೇಬಲ್ ಮೇಲೆ ಮುದ್ರಿಸಲು ದೇಶದ ಔಷಧ ನಿಯಂತ್ರಕರು 2023ರಲ್ಲಿ ಸೂಚಿಸಿದ್ದಾರೆ. ಒಂದು ವರ್ಷದವರೆಗೆ ಜೇನುತುಪ್ಪವನ್ನು ನೆಕ್ಕಿಸಬೇಡಿ. ಬಜೆ ತೇಯ್ದು ನೆಕ್ಕಿಸುವುದು, ಗ್ರೈಪ್ ವಾಟರ್, ಕಣ್ಣಿಗೆ ಕಾಡಿಗೆ ಇವೂ ಬೇಡ. ಹಿರಿಯರಿಗೆ ಬೇಸರವಾಗದಂತೆ "ಡಾಕ್ಟರು ಬೇಡ ಅಂದಿದ್ದಾರೆ" ಎಂದು ಹೇಳಿದರೆ ಆಯಿತು.

ತಾಯಿಯ ಮಾತ್ರೆಗಳು: ಹೆರಿಗೆಯ ನಂತರವೂ 6 ತಿಂಗಳು ಕಬ್ಬಿಣ ಮತ್ತು ಕ್ಯಾಲ್ಸಿಯಂ ಮುಂದುವರಿಸಬೇಕು. ಎರಡನ್ನೂ ಒಟ್ಟಿಗೆ ನುಂಗಬೇಡಿ, ಕನಿಷ್ಠ ಎರಡು ಗಂಟೆ ಅಂತರವಿರಲಿ. ನೋವಿಗೆ ಪ್ಯಾರಾಸಿಟಮಾಲ್ ಹಾಲೂಡಿಸುವಾಗಲೂ ಸುರಕ್ಷಿತ. ಕೊಡೀನ್ ಇರುವ ಕೆಮ್ಮಿನ ಸಿರಪ್ ಬೇಡ. ಹಾಲು ಹೆಚ್ಚಿಸುವ ಮಾತ್ರೆಯನ್ನು ಚೀಟಿಯಿಲ್ಲದೆ ಕೊಳ್ಳಬೇಡಿ.

ತಪ್ಪಿಸಬಾರದ ಒಂದು ದಿನಾಂಕ: ಕಣ್ಣಿನ ಪರೀಕ್ಷೆ

34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದ ಮಗುವಿಗೆ ಕಣ್ಣಿನ ಪರದೆಯ ರಕ್ತನಾಳಗಳು ಸರಿಯಾಗಿ ಬೆಳೆಯದೆ ಆರ್‌ಒಪಿ ಎಂಬ ತೊಂದರೆ ಬರಬಹುದು. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ತಡವಾದರೆ ದೃಷ್ಟಿ ಶಾಶ್ವತವಾಗಿ ಹೋಗಬಹುದು, ಸಮಯಕ್ಕೆ ಕಂಡುಹಿಡಿದರೆ ಚಿಕಿತ್ಸೆ ಇದೆ. ಮೊದಲ ಪರೀಕ್ಷೆ ಹುಟ್ಟಿದ 30 ದಿನದೊಳಗೆ ಆಗಬೇಕು. ತೀರಾ ಸಣ್ಣ ಮಕ್ಕಳಿಗೆ ಇನ್ನೂ ಬೇಗ. ಅವಳಿಗಳಲ್ಲಿ ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದಿರಬಹುದು. ಆದ್ದರಿಂದ ಇಬ್ಬರನ್ನೂ ತೋರಿಸಿ.

ಎಲ್‌.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ಕೇಂದ್ರಗಳು ವಿಶಾಖಪಟ್ಟಣದಲ್ಲೂ ವಿಜಯವಾಡದ ತಾಡಿಗಡಪದಲ್ಲೂ ಇವೆ. ಬಾಣಂತನಕ್ಕೆ ಕರ್ನಾಟಕದ ತವರಿಗೆ ಹೊರಡುವವರು ಟಿಕೆಟ್ ಮಾಡಿಸುವ ಮೊದಲು ಈ ದಿನಾಂಕ ನೋಡಿಕೊಳ್ಳಿ. ಪ್ರಯಾಣದ ನೆಪದಲ್ಲಿ ತಪ್ಪಿಹೋಗುವ ಪರೀಕ್ಷೆ ಇದು. ಹೊರಟರೆ, ತವರಿನ ಹತ್ತಿರ ಎಲ್ಲಿ ಮಾಡುತ್ತಾರೆ ಎಂದು ಮಕ್ಕಳ ವೈದ್ಯರಿಂದ ಮೊದಲೇ ತಿಳಿದುಕೊಳ್ಳಿ.

ಲಸಿಕೆಗಳು ಹುಟ್ಟಿದ ದಿನದ ಲೆಕ್ಕದಲ್ಲಿ ನಡೆಯುತ್ತವೆ: ಹುಟ್ಟಿದಾಗ, ನಂತರ 6, 10 ಮತ್ತು 14 ವಾರಕ್ಕೆ. ಅವಧಿಗೆ ಮೊದಲು ಹುಟ್ಟಿದರೆಂದು ಮುಂದೂಡಬೇಡಿ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬಂದಾಗ ಇಬ್ಬರನ್ನೂ ತೂಗಿಸಿ, ಎರಡೂ ಕಾರ್ಡ್‌ನಲ್ಲಿ ಬರೆಸಿ.

ಯಾವಾಗ ತಕ್ಷಣ ಆಸ್ಪತ್ರೆಗೆ?

• ಹಾಲು ಕುಡಿಯುವುದನ್ನು ಬಿಟ್ಟರೆ
• ಸುಮ್ಮನೆ ಮಲಗಿದ್ದಾಗಲೂ ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಎದೆಗೂಡು ಒಳಕ್ಕೆ ಎಳೆಯುತ್ತಿದ್ದರೆ
• ಮೈ ಬಿಸಿಯಾಗಿದ್ದರೆ (99.5 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು) ಇಲ್ಲವೇ ತಣ್ಣಗಾಗಿದ್ದರೆ (95.9ಕ್ಕಿಂತ ಕಡಿಮೆ)
• ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ
• ಅಂಗೈ, ಅಂಗಾಲು ಹಳದಿಯಾದರೆ

ಒಬ್ಬರು ಚೆನ್ನಾಗಿದ್ದಾರೆ ಎಂದು ಇನ್ನೊಬ್ಬರ ಬಗ್ಗೆ ಕಾಯಬೇಡಿ. ಆಂಬುಲೆನ್ಸ್‌ಗೆ 108. ಸರ್ಕಾರಿ ಆಸ್ಪತ್ರೆಯ ಹೆರಿಗೆಯ ನಂತರ ತಾಯಿ-ಮಕ್ಕಳನ್ನು ಉಚಿತವಾಗಿ ಮನೆಗೆ ಬಿಡುವ ತಲ್ಲಿ ಬಿಡ್ಡ ವಾಹನಕ್ಕೆ 102.

ಆಸ್ಪತ್ರೆಯಲ್ಲಿ ಬೇಕಾಗುವ ಕೆಲವು ತೆಲುಗು ಮಾತು: ಅವಳಿ - ಕವಲ ಪಿಲ್ಲಲು. ತೂಕ - ಬರುವು. ಉಸಿರು - ಊಪಿರಿ. ಕಾಮಾಲೆ - ಪಚ್ಚ ಕಾಮೆರ್ಲು. ಹಾಲು ಕುಡಿಯುತ್ತಿಲ್ಲ - ಪಾಲು ತಾಗಡಂ ಲೇದು. ಒಂದು ಎಚ್ಚರ: ನಾವು ಯಾವ ಮಗುವನ್ನಾದರೂ ಪಾಪು, ಪಾಪ ಎನ್ನುತ್ತೇವೆ. ತೆಲುಗಿನಲ್ಲಿ "ಪಾಪ" ಎಂದರೆ ಸಾಮಾನ್ಯವಾಗಿ ಹೆಣ್ಣು ಮಗು, ಗಂಡು ಮಗು "ಬಾಬು". ಒಂದು ಗಂಡು ಒಂದು ಹೆಣ್ಣು ಇರುವ ಮನೆಯಲ್ಲಿ ನರ್ಸ್ "ಪಾಪಕಿ" ಎಂದು ಔಷಧ ಹೇಳಿದರೆ ಅದು ಮಗಳಿಗೆ.

ನಿದ್ದೆ, ಮನಸ್ಸು, ಸಂತೋಷ

ಮಕ್ಕಳನ್ನು ಬೆನ್ನ ಮೇಲೆ, ಸಮತಟ್ಟಾದ ಗಟ್ಟಿ ಹಾಸಿಗೆಯಲ್ಲಿ, ಬೇರೆ ಬೇರೆ ಜಾಗದಲ್ಲಿ ಮಲಗಿಸಿ. ಬಟ್ಟೆಯ ತೊಟ್ಟಿಲಲ್ಲಿ ಇಬ್ಬರನ್ನೂ ಒಟ್ಟಿಗೆ ಹಾಕಬೇಡಿ. ರಾತ್ರಿಯನ್ನು ಪಾಳಿಯಾಗಿ ಹಂಚಿಕೊಳ್ಳಿ. ತಾಯಿಗೆ ಒಂದೇ ಪಟ್ಟಿನಲ್ಲಿ ಮೂರ್ನಾಲ್ಕು ಗಂಟೆ ನಿದ್ದೆ ಸಿಗುವಂತೆ ಮಾಡುವುದು ಮನೆಯವರ ಕೆಲಸ.

ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಹಜ. ಎರಡು ವಾರ ದಾಟಿದರೂ ಬೇಸರ ಹೋಗದಿದ್ದರೆ, ಮಕ್ಕಳ ಮೇಲೆ ಮನಸ್ಸು ಬಾರದಿದ್ದರೆ ಅದು ತಾಯಿಯ ತಪ್ಪಲ್ಲ, ಚಿಕಿತ್ಸೆ ಇರುವ ಕಾಯಿಲೆ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ತನಗೋ ಮಕ್ಕಳಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ತಾಯಿಯನ್ನು ಒಂಟಿಯಾಗಿ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಮಕ್ಕಳ ಬೆಳವಣಿಗೆಯನ್ನು ನೋಡುವಾಗ ಮೊದಲೇ ಹುಟ್ಟಿದ ವಾರಗಳನ್ನು ಕಳೆದು ಲೆಕ್ಕ ಹಾಕಿ. 34 ವಾರಕ್ಕೆ ಹುಟ್ಟಿದ್ದರೆ 40ಕ್ಕೆ 6 ವಾರ ಬಾಕಿ ಇತ್ತು. ಆದ್ದರಿಂದ ಪಕ್ಕದ ಮನೆಯ ಮಗು 6 ವಾರಕ್ಕೆ ನಕ್ಕರೆ ನಿಮ್ಮವರು 12 ವಾರದ ಹೊತ್ತಿಗೆ ನಗಬಹುದು. ಇಬ್ಬರೂ ಒಂದೇ ದಿನ ನಗುವುದಿಲ್ಲ. ಒಬ್ಬರು ಫ್ಯಾನ್ ನೋಡಿ ನಗುತ್ತಾರೆ, ಇನ್ನೊಬ್ಬರು ನಿಮ್ಮ ದನಿ ಕೇಳಿ. ದಿನಕ್ಕೆ ಹತ್ತು ನಿಮಿಷವಾದರೂ ಒಬ್ಬೊಬ್ಬರನ್ನೇ ಮಡಿಲಲ್ಲಿಟ್ಟುಕೊಂಡು ಮಾತನಾಡಿಸಿ. ಔಷಧ ಬರೆಯುವ ಅದೇ ನೋಟ್‌ಬುಕ್‌ನ ಎರಡು ಕಾಲಂಗಳಲ್ಲಿ ಮೊದಲ ನಗುವಿನ ದಿನಾಂಕವನ್ನೂ ಬರೆದಿಡಿ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಮಕ್ಕಳ ಡೋಸ್ ಮತ್ತು ಚಿಕಿತ್ಸೆಯನ್ನು ಅವರನ್ನು ನೋಡಿದ ವೈದ್ಯರೇ ನಿರ್ಧರಿಸಬೇಕು.