ರಬ್ಬರ್ ಬೆಲೆ ಬಿದ್ದಾಗ ಮದ್ರಾಸಿಗೆ ಮರಳಿದವರು

ಹತ್ತನೇ ತರಗತಿಗೆ 1929ರ ಆರ್ಥಿಕ ಮಹಾಕುಸಿತದ ಪಾಠ ಮಾಡ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ನ್ಯೂಯಾರ್ಕಲ್ಲಿ ಷೇರು ಬಿದ್ರೆ ನಮಗೇನು?" ಅಂತ ಕೇಳಿದ. ಇದಕ್ಕೆ ಉತ್ತರ ನಮ್ಮ ಚೆನ್ನೈ ಬಂದರಿನ ಚರಿತ್ರೆಯಲ್ಲೇ ಇದೆ.

ಆ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದ ಬಡವರು ಹೊಟ್ಟೆಪಾಡಿಗೆ ಮೂರು ದೇಶಗಳಿಗೆ ಹೋಗ್ತಿದ್ದರು: ಮಲಯಾದ ರಬ್ಬರ್ ತೋಟ, ಸಿಲೋನಿನ ಚಹಾ ತೋಟ, ಬರ್ಮಾದ ಅಕ್ಕಿ ಗಿರಣಿ. ಮದ್ರಾಸ್ ಮತ್ತು ನಾಗಪಟ್ಟಣದಿಂದ ಪಿನಾಂಗಿಗೆ ಹಡಗುಗಳಿದ್ದವು. ತಮಿಳು ಮುಸ್ಲಿಮ್ ವ್ಯಾಪಾರಿಗಳೂ ಇದೇ ದಾರಿಯಲ್ಲಿ ಸಫರ್ ಮಾಡಿದವರು.

ಅಮೆರಿಕದಲ್ಲಿ ಕಾರು ಕೊಳ್ಳುವವರು ಕಡಿಮೆಯಾದರು. ಕಾರಿಲ್ಲದಿದ್ದರೆ ಟೈರ್ ಯಾಕೆ, ಟೈರಿಲ್ಲದಿದ್ದರೆ ರಬ್ಬರ್ ಯಾಕೆ? 1932ರ ಹೊತ್ತಿಗೆ ರಬ್ಬರ್ ಬೆಲೆ 1929ರ ಐದನೇ ಒಂದು ಪಾಲಿಗಿಂತಲೂ ಕೆಳಗಿಳಿಯಿತು. ತೋಟದವರು ಕೂಲಿ ಕಡಿತ ಮಾಡಿದರು, ಆಮೇಲೆ ಆಳುಗಳನ್ನೇ ಬಿಟ್ಟರು.

ಮುಂದಿನದನ್ನು ಗಮನಿಸಬೇಕು. ಜರ್ಮನಿಯಲ್ಲಿ 1932ರಲ್ಲಿ ಸುಮಾರು 60 ಲಕ್ಷ ನಿರುದ್ಯೋಗಿಗಳು ಲೆಕ್ಕಕ್ಕೆ ಸಿಕ್ಕಿದ್ದರು. ಅವರ ಹೆಸರು ದಾಖಲೆಯಲ್ಲಿತ್ತು. ಮಲಯಾ ಸರ್ಕಾರ ಮಾಡಿದ್ದೇ ಬೇರೆ. 1930ರಲ್ಲಿ ಹೊಸ ಕೂಲಿಗಳನ್ನು ಕರೆಸುವುದನ್ನು ನಿಲ್ಲಿಸಿತು. ಕೆಲಸ ಹೋದವರನ್ನು ತನ್ನ ಖರ್ಚಿನಲ್ಲೇ ಹಡಗು ಹತ್ತಿಸಿತು. ಕೆಲವೇ ವರ್ಷಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ ಹೀಗೆ ವಾಪಸಾದರು. ಅಲ್ಲಿನ ನಿರುದ್ಯೋಗ ಮಾಯವಾಗಲಿಲ್ಲ, ಇಲ್ಲಿಗೆ ಬಂದಿಳಿಯಿತು ಅಷ್ಟೆ.

ಊರಲ್ಲಾದರೂ ಏನಿತ್ತು? ಭತ್ತದ ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಕಂದಾಯ, ಸಾಲ ಮಾತ್ರ ಹಾಗೇ ಇದ್ದವು. ರೈತನೇ ಕೂಲಿಯಾಗುವ ಹೊತ್ತಿನಲ್ಲಿ ಹೊಸದಾಗಿ ಬಂದ ಕೂಲಿಗೆ ಕೆಲಸ ಎಲ್ಲಿ? ಬರ್ಮಾದಲ್ಲೂ ಅಕ್ಕಿ ಬೆಲೆ ಕುಸಿಯಿತು. 1930ರ ಮೇ ತಿಂಗಳಲ್ಲಿ ರಂಗೂನ್ ಬಂದರಿನ ಕೂಲಿ ಕೆಲಸದ ವಿಷಯವಾಗಿ ಬರ್ಮೀಯರಿಗೂ ಭಾರತೀಯರಿಗೂ ಗಲಭೆಯಾಯಿತು. ಕೆಲಸ ಕಮ್ಮಿಯಾದಾಗ ಮೊದಲು ಬೆರಳು ತೋರಿಸುವುದು ಪರದೇಶಿಯ ಕಡೆಗೇ.

ಇದು ಹಳೇ ಕಥೆ ಅನ್ನಬೇಡಿ. ಭಟ್ಕಳ, ಮಂಗಳೂರಿನಿಂದ ಹಿಡಿದು ಇಲ್ಲಿನ ತಿರುವಲ್ಲಿಕ್ಕೇಣಿಯವರೆಗೆ ಎಷ್ಟೋ ಮನೆಗಳ ರೋಜಿ ಕೊಲ್ಲಿ ದೇಶಗಳಲ್ಲಿದೆ. ಅಂದು ರಬ್ಬರ್ ಇದ್ದ ಜಾಗದಲ್ಲಿ ಇಂದು ತೈಲ. 2014ರಲ್ಲಿ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ಬೆಲೆ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಬಂತು. ಅದೇ ವರ್ಷ ಸೌದಿಯಲ್ಲಿ ಸಾವಿರಾರು ಭಾರತೀಯರು ಕೆಲಸ, ಸಂಬಳವಿಲ್ಲದೆ ಕ್ಯಾಂಪುಗಳಲ್ಲಿ ಸಿಕ್ಕಿಬಿದ್ದರು. ನಮ್ಮ ರಾಯಭಾರ ಕಚೇರಿಯವರೇ ಅವರಿಗೆ ಊಟ ಮುಟ್ಟಿಸಬೇಕಾಯಿತು. ಅಲ್ಲಿ ವೀಸಾ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಹೋದವನು ಆ ದೇಶದ ನಿರುದ್ಯೋಗಿಗಳ ಲೆಕ್ಕದಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ, ವಿಮಾನ ಹತ್ತುತ್ತಾನೆ.

ಇಷ್ಟು ಹೇಳಿದ ಮೇಲೆ ಆ ಹುಡುಗ ಮೆಲ್ಲಗೆ, "ನಮ್ಮ ಅಬ್ಬಾನೂ ಹಂಗೇ ಬಂದ್ರು ಸರ್. ಮೊಹಲ್ಲಾದಲ್ಲಿ ಎಲ್ರೂ, ಏನೋ ತಪ್ಪು ಮಾಡಿರ್ಬೇಕು ಅಂದ್ರು" ಎಂದ.

ತಪ್ಪು ಅವನ ಅಬ್ಬಾನದ್ದಲ್ಲ. ಒಂದು ದೇಶದ ನಿರುದ್ಯೋಗದ ಅಂಕಿ ಓದುವಾಗ, ಅಲ್ಲಿಂದ ಮನೆಗೆ ಕಳಿಸಲ್ಪಟ್ಟವರು ಎಷ್ಟು ಅಂತಲೂ ನಾವು ಕೇಳಬೇಕು.